ಬಲದಿಂದ ಎಡಕ್ಕೆ

"ಇನ್ನಷ್ಟು ಬಿಗೀ ಎಳಿಯೋ ಭೀಮಶ್ಯಾ, ಕೊರಳು ವಾಲಲಿಕತ್ತದ."

ಗೊಲ್ಲಾಳಪ್ಪ ತಮ್ಮನ ಹೆಣದ ಎರಡೂ ಭುಜ ಹಿಡಿದು ಗೋಡೆಗೆ ಒತ್ತಿ ನಿಂತಿದ್ದ. ಓಣಿಯ ಭೀಮಶ್ಯಾ ಧೋತರದ ಅಂಚು ಹರಿದು ಮಾಡಿದ ಪಟ್ಟಿಯನ್ನು ಸತ್ತವನ ಹಣೆಗೆ ಸುತ್ತಿ, ಎರಡೂ ತುದಿಯನ್ನು ಗೋಡೆಯ ಗೂಟಕ್ಕೆ ಎಳೆದು ಗಂಟು ಹಾಕಿದ. ಅಮೃತಪ್ಪ ನೆಟ್ಟಗೆ ಕುಳಿತ. ಹಣೆಯ ತುಂಬ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಎಡ ಅಂಗೈಯಲ್ಲಿ ಲಿಂಗ.

ಅಡಿಗೆಮನೆಯ ಬಾಗಿಲಿಗೆ ಒರಗಿ ಕುಳಿತಿದ್ದ ಲಲಿತಾಬಾಯಿಗೆ ಗಂಡ ಯಾರೋ ಬೇರೆಯವರಂತೆ ಕಂಡ. ಪಡಸಾಲೆಯ ನಟ್ಟನಡುವೆ, ಎಲ್ಲರ ಕಣ್ಣೆದುರು, ಎದೆ ಮುಂದೆ ಮಾಡಿ ಕುಳಿತ ಈ ಮನುಷ್ಯನನ್ನು ಆಕೆ ನೋಡಿಯೇ ಇರಲಿಲ್ಲ. ಆತ ಕುಳಿತರೆ ಮೂಲೆಗೆ, ನಿಂತರೆ ಕಂಬದ ಮರೆಗೆ. ಸತ್ತದ್ದೂ ಹಾಗೆಯೇ. ನಿನ್ನೆ ಬೆಂಗಳೂರಿನ ಗಾಡಿಯಿಂದ ವಾಡಿಯಲ್ಲಿ ಇಳಿದು, ಚಿತ್ತಾಪುರದ ಗಾಡಿಗೆ ಕಾಯುತ್ತ ಬೆಂಚಿನ ತುದಿಗೆ ಕುಳಿತವನು ಕುಳಿತಲ್ಲೇ ಹೋಗಿದ್ದ. ಗಾಡಿ ಬಂತು, ಹೋಯಿತು. ಚಹಾ ಮಾರುವವನು ಭುಜ ಅಲುಗಿಸಿದ ಮೇಲೆಯೇ ಮಂದಿಗೆ ಗೊತ್ತಾದದ್ದು.

ಅಂಗಳದಲ್ಲಿ ನಾಲ್ಕು ಜನ ಬಿದಿರು ಸೀಳಿ ವಿಮಾನ ಕಟ್ಟುತ್ತಿದ್ದರು. ಕುಳಿತ ಹೆಣವನ್ನು ಕುಳಿತಂತೆಯೇ ಹೊತ್ತೊಯ್ಯಬೇಕಲ್ಲ, ನಾಲ್ಕೂ ಕಡೆ ಆಸರೆ ಬೇಕು.

"ಎಮ್ಮೆಲ್ಲೆ ಸಾಹೇಬ್ರು ಖರೇನ ಬರ್ತಾರೇನೋ?" ಎಂದು ಅವರಲ್ಲೊಬ್ಬ ಕೇಳಿದ.

"ಬರ್ತಾರ. ಪೊಲೀಸ್ ಠಾಣೆಕ್ಕ ಫೋನ್ ಬಂದದ. ಮೂರು ಗಂಟೆಕ್ಕ ಬಂದು, ನಾಲ್ಕು ಮಾತು ಆಡಿ ಹೋಗ್ತಾರಂತ," ಎಂದ ಭೀಮಶ್ಯಾ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು. "ಆಡಿದ್ರ ಆ ಮನಷಾನೇ ಆಡಬೇಕು ನೋಡು. ಕಲ್ಲು ಕರಗ್ತದ. ಶಹಾಬಾದದಾಗ ಆಡಿದ್ದು ನನಗ ಇವತ್ತಿಗೂ ಬಾಯಿಪಾಠ ಅದ."

ಗೊಲ್ಲಾಳಪ್ಪ ಹೊಸ್ತಿಲ ಮೇಲೆ ಕುಳಿತು ಬೀಡಿ ಹಚ್ಚಿದ. "ಅವರ ಬಾಯಿ ಅವರ ಸಂಗಟ. ನನ್ನ ತಮ್ಮಗ ಏನ್ ಬಂತು ಹೇಳು. ಚಿಮ್ಮನಚೋಡದಾಗ ಹೊಲ ಬಿಟ್ಟ, ಇಲ್ಲಿ ತಹಸೀಲಿನಾಗ ನೌಕರಿ ಬಿಟ್ಟ. ಇಪ್ಪತ್ತಾರು ವರ್ಷ ಒಬ್ಬರ ಚೀಲ ಹಿಡದ."

"ಹಂಗನಬ್ಯಾಡ ಕಾಕಾ. ಪಿ.ಎ. ಸಾಬ್ರು ಅಂದ್ರ ಮಂದಿ ನಿಂತು ಕೈ ಮುಗೀತಿದ್ರು."

"ಚೀಲಕ್ಕ ಮುಗೀತಿದ್ರೋ ಹುಚ್ಚಾ, ಚೀಲಕ್ಕ. ಅದರಾಗ ತಮ್ಮ ಅರ್ಜಿ ಇರ್ತಿತ್ತು."

ಬಿದಿರು ಸೀಳುತ್ತಿದ್ದವರು ನಕ್ಕರು. ಆಮೇಲೆ ಯಾರ ಅಂಗಳ ಅನ್ನುವುದು ನೆನಪಾಗಿ ನಗು ನುಂಗಿದರು.

ಲಲಿತಾಬಾಯಿಗೆ ಎಲ್ಲ ಕೇಳಿಸಿತು. ಅವಳ ನಾಲಿಗೆಯ ತುದಿಗೆ ಒಂದು ಮಾತು ಬಂದು ನಿಂತಿತು. ಕಲ್ಲು ಕರಗಿಸಿದ ಆ ಮಾತೆಲ್ಲ, ಗೂಟಕ್ಕೆ ಕಟ್ಟಿ ಕೂಡಿಸಿದ್ದೀರಲ್ಲ, ಇವರದು. ಸಾಹೇಬರಿಗೆ ಕನ್ನಡದ ಒಂದು ಅಕ್ಷರವೂ ಓದಲು ಬರುವುದಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು, ಭಾವನ ಬೀಡಿ ಬಾಯಿಂದ ಬೀಳುತ್ತಿತ್ತು. ಆದರೆ ಆ ಮಾತು ಭೂಮಿಯ ಮೇಲೆ ಮೂವರಿಗೆ ಮಾತ್ರ ಗೊತ್ತಿತ್ತು. ನಿನ್ನೆಯಿಂದ ಇಬ್ಬರಿಗೆ. ಅವಳು ಲಿಂಗ ಮುಟ್ಟಿ ಮಾತು ಕೊಟ್ಟಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಕ್ಕದಲ್ಲಿದ್ದ ಹೆಂಗಸರು ಅಳು ಬಂತೆಂದು ತಿಳಿದು ಅವಳ ಬೆನ್ನು ಸವರಿದರು.

* * *

ದೇವಿಂದ್ರಪ್ಪ ಸಾಹೇಬರು ಸೇಡಂ ಕಡೆಯ ದೊಡ್ಡ ಮನೆತನದವರು. ನಿಜಾಮನ ಕಾಲದಲ್ಲಿ ಹೈದರಾಬಾದಿನಲ್ಲಿ ಮೆಟ್ರಿಕ್ ಮುಗಿಸಿದ್ದರು, ಎಲ್ಲ ಉರ್ದುವಿನಲ್ಲಿ. ಮಾತು ಅಪ್ಪಟ ಕನ್ನಡ, ಅಕ್ಷರ ಮಾತ್ರ ಗೊತ್ತಿಲ್ಲ. ಆಗ ಅದೇನು ನಾಚಿಕೆಯ ಸಂಗತಿಯಲ್ಲ. ಈ ಸೀಮೆಯ ವಕೀಲರು, ಗೌಡರು, ಪಟವಾರಿಗಳು ಎಲ್ಲ ಹಾಗೇ ಇದ್ದರು. ಕೋರ್ಟು ಉರ್ದು, ಹೊಲದ ಕಾಗದ ಉರ್ದು, ಸಾಲೆಯೂ ಉರ್ದು. ಐವತ್ತಾರರಲ್ಲಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಚುನಾವಣೆ ಗೆದ್ದು ಬೆಂಗಳೂರಿಗೆ ಹೊರಟ ಸಾಹೇಬರ ಕೈಗೆ ಬಂದ ಕಾಗದಗಳೆಲ್ಲ ಕನ್ನಡದವು.

ಅಮೃತಪ್ಪ ಆಗ ಚಿತ್ತಾಪುರದ ತಹಸೀಲು ಕಚೇರಿಯಲ್ಲಿ ಗುಮಾಸ್ತ. ಸಾಲೆಯಲ್ಲಿ ಕಲಿತದ್ದು ಉರ್ದು, ಊರಿನ ಮಠದ ಕಟ್ಟೆಯ ಮೇಲೆ ಕಲಿತದ್ದು ಕನ್ನಡ. ಕಾಗದಪತ್ರ ನೋಡಿಕೊಳ್ಳಲು ಇರಲಿ ಎಂದು ಸಾಹೇಬರು ಅವನನ್ನು ಜೊತೆಗೆ ಕರೆದುಕೊಂಡರು. ರೈಲಿನಲ್ಲಿ ಅವರ ಮುಖ ನೋಡಿಯೇ ಅವನಿಗೆ ತಿಳಿಯಿತು. ಏನೂ ಕೇಳಲಿಲ್ಲ. ಸಿಗರೇಟಿನ ಪಾಕೀಟು ಬಿಚ್ಚಿ, ಅದರ ಒಳಮೈ ಮೇಲೆ ಕನ್ನಡದ ಮಾತನ್ನು ಉರ್ದು ಅಕ್ಷರದಲ್ಲಿ ಬರೆದು ಅವರ ತೊಡೆಯ ಮೇಲಿಟ್ಟ. ಸಾಹೇಬರು ಓದಿದರು, ಗಟ್ಟಿಯಾಗಿ ನಕ್ಕರು, ಅವನ ಭುಜಕ್ಕೆ ಹೊಡೆದರು. "ನೀ ನನ್ನ ಬಿಟ್ಟು ಹೋಗಬ್ಯಾಡ ನೋಡು," ಎಂದರು. ಆತ ಹೋಗಲಿಲ್ಲ.

ಕೆಲಸ ಎಣಿಸಿದಷ್ಟು ಸುಲಭವಾಗಿರಲಿಲ್ಲ. ಉರ್ದುವಿನಲ್ಲಿ ಳ ಇಲ್ಲ, ಣ ಇಲ್ಲ. ಮನೆಮಾತಿನ ಪದವಾದರೆ ಸಾಹೇಬರು ತಾವೇ ಸರಿಮಾಡಿ ಓದುತ್ತಿದ್ದರು. ಪುಸ್ತಕದ ಪದ ಬಂದರೆ ಎಡವುತ್ತಿದ್ದರು. ಚಿಂಚೋಳಿಯಲ್ಲಿ ಒಂದು ಸಾಲೆಯ ಉದ್ಘಾಟನೆಗೆ ಹೋದಾಗ 'ಪ್ರಣಾಳಿಕೆ'ಯನ್ನು 'ಪರನಾಲಿಕೆ' ಮಾಡಿಬಿಟ್ಟರು. ಮುಂದಿನ ಸಾಲಿನ ಮಾಸ್ತರರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮೃತಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ತಾನೇ ಒಂದು ಉಪಾಯ ಹುಡುಕಿದ: ಳ ಇದ್ದಲ್ಲಿ ಅಕ್ಷರದ ತಲೆಗೆ ಸಣ್ಣ ಉಂಗುರ, ಣ ಇದ್ದಲ್ಲಿ ಗೀಟು, ಉಸಿರು ತೆಗೆದುಕೊಳ್ಳಬೇಕಾದಲ್ಲಿ ಕೆಂಪು ಚುಕ್ಕೆ.

ಚುಕ್ಕೆ ಎಲ್ಲಿ ಇಡಬೇಕು ಎನ್ನುವುದು ಲಲಿತಾಬಾಯಿಯ ಕೆಲಸ. ಆಕೆ ರೊಟ್ಟಿ ಬಡಿಯುವಾಗ ಆತ ಒಲೆಯ ಪಕ್ಕ ಮಣೆ ಹಾಕಿಕೊಂಡು ಕುಳಿತು ಮೊದಲಿಂದ ಕೊನೆಯವರೆಗೆ ಓದುತ್ತಿದ್ದ.

"ಭಾಳ ಉದ್ದ ಆತರಿ. ಅಷ್ಟೂ ಒಂದ ಉಸುರಿಗೆ ಅಂದ್ರ ಕೇಳೋರಿಗೂ ಉಸುರು ಕಟ್ತದ."

"ಎಲ್ಲಿ ಮುರೀಲಿ ಹೇಳು."

"ಅಲ್ಲೇ, 'ಮಳಿ ಬರಲಿಲ್ಲ' ಅಂದ್ರೆಲ್ಲ, ಅಲ್ಲಿ ಸುಮ್ಮ ನಿಲ್ಲರಿ. ಮಂದಿ ಮ್ಯಾಲ ನೋಡಲಿ."

ಮೊದಲ ವರ್ಷದಲ್ಲೇ ಒಂದು ದಿನ ಆತ ಅವಳ ಕೈಯನ್ನು ತನ್ನ ಲಿಂಗದ ಮೇಲೆ ಇಡಿಸಿಕೊಂಡ. "ಈ ಮಾತು ಹೊಸ್ತಿಲು ದಾಟಬಾರದು. ನನ್ನ ಸಂಗಟ ಮಣ್ಣಾಗ ಹೋಗಬೇಕು," ಎಂದ. ಅವಳಿಗೆ ಆಗ ಇಪ್ಪತ್ತು ವರ್ಷ. ಗಂಡ ತನ್ನನ್ನು ಇಷ್ಟು ದೊಡ್ಡ ಸಂಗತಿಯಲ್ಲಿ ಸೇರಿಸಿಕೊಂಡನಲ್ಲ ಎಂದು ಹಿಗ್ಗಿದಳು. ಹೇಳಲಾಗದ ಮಾತು ಇಟ್ಟುಕೊಂಡವರಿಗೆ ಗೆಳತಿಯರು ಕಡಿಮೆಯಾಗುತ್ತಾರೆ ಎನ್ನುವುದು ಆಮೇಲೆ, ಮೆಲ್ಲಗೆ ತಿಳಿಯಿತು.

* * *

ಒಂದು ಗಂಟೆಯ ಸುಮಾರಿಗೆ ಜೀಪು ಬಂತು. ಇಳಿದವನು ತೆಳ್ಳಗಿನ ಯುವಕ, ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ನಾಲ್ಕು ತಿಂಗಳ ಹಿಂದೆ ಅಮೃತಪ್ಪನಿಗೆ ಎದೆನೋವು ಬಂದು, ತಿರುಗಾಟ ಕೂಡದೆಂದು ಡಾಕ್ಟರು ಹೇಳಿದ ಮೇಲೆ ಬಂದ ಹೊಸ ಪಿ.ಎ. ಅವನು ಚಪ್ಪಲಿ ಕಳಚಿ ಒಳಗೆ ಬಂದು, ಹೆಣಕ್ಕೆ ಕೈಮುಗಿದು, ಲಲಿತಾಬಾಯಿಯ ಮುಂದೆ ಮೊಣಕಾಲೂರಿ ಕುಳಿತ.

"ಅಮ್ಮಾ, ನನಗೆ ಇವರು ತಂದೆ ಥರ. ಕೆಲಸ ಬಿಟ್ಟ ಮೇಲೂ ಹದಿನೈದು ದಿನಕ್ಕೊಂದ್ಸಲ ಬೆಂಗಳೂರಿಗೆ ಬರೋರು. 'ಹಳೇ ಕಾಗದ ಜೋಡಿಸಿಕೊಟ್ಟು ಹೋಗ್ತೀನಿ' ಅಂತ ಸಾಹೇಬರ ಕೋಣೇಲಿ ಬಾಗಿಲು ಹಾಕ್ಕೊಂಡು ಕೂರೋರು. ಎಷ್ಟು ನಿಷ್ಠೆ ನೋಡಿ!"

ಲಲಿತಾಬಾಯಿ ತಲೆಯಾಡಿಸಿದಳು. ಹಳೆಯ ಕಾಗದ ಯಾವುದು, ಹೊಸದು ಯಾವುದು ಎನ್ನುವುದು ಅವಳಿಗೆ ಗೊತ್ತಿತ್ತು; ಆ ಬಾಗಿಲ ಹಿಂದೆ ಉರ್ದು ಅಕ್ಷರಕ್ಕೆ ಇಳಿಯುತ್ತಿದ್ದದ್ದು ಈ ಹುಡುಗನ ಭಾಷಣಗಳೇ.

ಅವನು ಚೀಲದಿಂದ ಟೈಪು ಮಾಡಿದ ಹಾಳೆ ತೆಗೆದ. "ಸಾಹೇಬರು ಇವತ್ತು ಆಡೋ ಮಾತು. ಎರಡು ಪುಟ. ಊರು, ಇಸವಿ ಎಲ್ಲ ಸರಿಯಾಗಿದೆಯಾ ಒಂದ್ಸಲ ನೋಡಿಬಿಡಿ."

ಅವಳು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಹಾಳೆಯ ತುಂಬ ಅಚ್ಚುಕಟ್ಟಾದ ಕನ್ನಡ. ದಕ್ಷ, ಪ್ರಾಮಾಣಿಕ, ತುಂಬಲಾರದ ನಷ್ಟ.

"ಸಾಹೇಬ್ರು ಇದು ನೋಡ್ಯಾರೇನ್ರಿ?"

"ಎಲ್ಲಿ ಟೈಮು ಅಮ್ಮ? ಗುಲಬರ್ಗಾದಲ್ಲಿ ಮೀಟಿಂಗು ಮುಗಿಸಿ ನೇರವಾಗಿ ಬರ್ತಿದ್ದಾರೆ. ಕಾರಿಂದ ಇಳೀತಿದ್ದ ಹಾಗೆ ಕೈಗೆ ಕೊಡ್ತೀನಿ. ಅವರಿಗೇನು, ಹಾಗೇ ಓದಿಬಿಡ್ತಾರೆ."

"ಕಾಗದ ಬ್ಯಾಡ, ಬಾಯಿಲೆ ನಾಲ್ಕು ಮಾತು ಆಡಿದ್ರ ಸಾಕಂತ ಹೇಳ್ರಿ."

"ಅಯ್ಯೋ, ಅವರು ಕಾಗದ ಇಲ್ದೆ ಎದ್ದು ನಿಲ್ಲೋದೇ ಇಲ್ಲ. ಪತ್ರಿಕೆಯವರು ಬೇರೆ ಇಬ್ಬರು ಬರ್ತಿದ್ದಾರೆ." ಅವನು ನಕ್ಕು, ಕಾರ್ಬನ್ ಪ್ರತಿಯನ್ನು ಅವಳ ಕೈಯಲ್ಲೇ ಬಿಟ್ಟು, ಮೈಕಿನ ವ್ಯವಸ್ಥೆ ನೋಡಲು ಹೋದ.

ಅವಳು ನೀರಿನ ನೆಪ ಮಾಡಿ ಹಿತ್ತಲಿಗೆ ಬಂದಳು. ಬೇವಿನ ಮರದ ಕೆಳಗೆ ಶೌಕತ ಅಲಿ ಮಾಸ್ತರರು ಒಬ್ಬರೇ ಕುಳಿತಿದ್ದರು. ಅಮೃತಪ್ಪನ ಸಾಲೆಯ ಗೆಳೆಯರು. ಮೂವತ್ತು ವರ್ಷ ಉರ್ದು ಕಲಿಸಿ ಕೆಲಸದಿಂದ ಇಳಿದವರು.

"ಭಾಬಿ," ಎಂದು ಅವರು ಎದ್ದು ನಿಂತರು. "ನನ್ನ ಕೈಲೆ ಏನರ ಆಗೋದಿದ್ರ ಹೇಳ್ರಿ. ಸುಮ್ಮ ಕುಂತ್ರ ಜೀವ ತಡೀಲಿಕತ್ತಿಲ್ಲ."

ಅವರ ಕೈಯಲ್ಲೇ ಆಗುವುದಿತ್ತು. ಇವೇ ಎರಡು ಪುಟ, ಉರ್ದು ಅಕ್ಷರದಲ್ಲಿ. ಅರ್ಧ ತಾಸಿನ ಕೆಲಸ. ಹಾಳೆಯನ್ನು ಮುಂದೆ ಚಾಚಿದರೆ ಸಾಕು.

"ಅಮೃತಪ್ಪನ ಕೈಬರಹ ನೋಡೀರೇನು ನೀವು? ಸಾಲ್ಯಾಗ ಅವನೇ ಅವ್ವಲ್. ಮುತ್ತು ಪೋಣಿಸಿದಂಗ ಬರೀತಿದ್ದ." ಮಾಸ್ತರರು ಕಣ್ಣೊರೆಸಿಕೊಂಡರು. "ಅಂಥಾ ಕೈ ಮಂದೀ ಅರ್ಜಿ ಬರದು ಬರದೇ ಸವದು ಹೋತು. ತನ್ನದು ಅಂತ ಒಂದು ಹಾಳಿನೂ ಬರಕೊಳ್ಳಲಿಲ್ಲ."

ಲಲಿತಾಬಾಯಿ ಕಾರ್ಬನ್ ಹಾಳೆಯನ್ನು ಮಡಚಿ ಮಡಚಿ ಸಣ್ಣ ಮಾಡಿ ಮುಷ್ಟಿಯಲ್ಲಿ ಹಿಡಿದಳು. "ಏನಿಲ್ಲರಿ ಅಣ್ಣಾ. ಕುಂದ್ರಿ. ಚಹಾ ಕಳಸ್ತೀನಿ," ಎಂದಳು.

* * *

ಶಹಾಬಾದದಲ್ಲಿ ಆದದ್ದು ಅವಳಿಗೆ ಒಲೆಯ ಮುಂದೆ ಕುಳಿತಾಗಲೆಲ್ಲ ನೆನಪಾಗುತ್ತಿತ್ತು. ಎಪ್ಪತ್ತೆರಡರಲ್ಲಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯ ಬಯಲಿನಲ್ಲಿ ದೊಡ್ಡ ಸಭೆ. ಆ ಭಾಷಣಕ್ಕೆ ಗಂಡ ಹೆಂಡತಿ ಇಬ್ಬರೂ ಮೂರು ದಿನ ಕೂಡಿ ಚುಕ್ಕೆ ಇಟ್ಟಿದ್ದರು. ಮಾತು ಮುಗಿದದ್ದೇ ಜನ ಸಾಹೇಬರನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಅದೇ ಹೊತ್ತಿಗೆ ಗಾಳಿ ಎದ್ದು ಮೇಜಿನ ಮೇಲಿನ ಹಾಳೆಗಳು ಹಾರಿದವು. ಯಾರ ಕೈಗಾದರೂ ಒಂದು ಸಿಕ್ಕು, ಸಾಹೇಬರ ಕನ್ನಡ ಉರ್ದುವಿನಲ್ಲಿದೆ ಎಂದು ಗೊತ್ತಾದರೆ? ಊರಿಗೆ ಊರೇ ಮೆರವಣಿಗೆಯಲ್ಲಿದ್ದಾಗ ಅಮೃತಪ್ಪ ಕಲ್ಲಿನ ಚೂರುಗಳ ನಡುವೆ ಮೊಣಕಾಲ ಮೇಲೆ ತೆವಳುತ್ತ ಏಳು ಹಾಳೆ ಹುಡುಕಿದ.

ಮನೆಗೆ ಬಂದಾಗ ಧೋತರ ಹರಿದು, ಮೊಣಕಾಲು ಸುಲಿದು ರಕ್ತ ಒಣಗಿತ್ತು. ಅವಳು ಅರಿಶಿನ ಹಚ್ಚುತ್ತ ಅತ್ತಳು.

"ಒಂದು ಪಾಟಿ ತಂದು ಅವರಿಗೆ ಅ ಆ ಕಲಿಸಿಬಿಡ್ರಿ. ಎಷ್ಟು ದಿನ ಹಿಂಗ?"

"ತಂದಿದ್ದೆ, ಮದಲನೇ ವರ್ಷ. 'ನೀ ಇರೋತನಕ ನನಗ್ಯಾಕೋ' ಅಂದ್ರು."

"ನಿಮ್ಮ ಹೆಸರಿಲ್ಲ, ಕುರುಹಿಲ್ಲ. ಇದರಾಗ ನಿಮಗೇನದರಿ?"

"ಹತ್ತು ಸಾವಿರ ಮಂದಿ ಕುಂತಿದ್ರು ಲಲಿತಾ. 'ಮಳಿ ಬರಲಿಲ್ಲ' ಅಂದಕೂಡಲೇ ಎಲ್ಲಾರೂ ಮ್ಯಾಲ ನೋಡಿದ್ರು. ನೀ ಹೇಳಿದಂಗ." ಆಮೇಲೆ ರೊಟ್ಟಿ ಮುರಿದು, ಎಂದಿಗಿಂತ ಒಂದು ಹೆಚ್ಚಿಗೆ ಉಂಡ.

* * *

ಎರಡೂವರೆಗೆ ಆಕೆ ಒಳಕೋಣೆಯ ಕದ ಮುಂದೆ ಮಾಡಿ ಟ್ರಂಕು ತೆಗೆದಳು. ಒಳಗೆ ಭಾಷಣಗಳ ಕಟ್ಟುಗಳು. ಅವಸರಕ್ಕೆ ಕೈಗೆ ಸಿಗಲೆಂದು ಆತ ಬೇರೆ ಬೇರೆ ಬಣ್ಣದ ಬಟ್ಟೆಯ ಪಟ್ಟಿ ಕಟ್ಟಿದ್ದ: ಚುನಾವಣೆಗೆ ಕೆಂಪು, ಉದ್ಘಾಟನೆಗೆ ಹಳದಿ, ಸಾವಿಗೆ ಬಿಳಿ. ಅವಳಿಗೆ ಉರ್ದು ಓದಲು ಬಾರದು. ಬಿಳೀ ಕಟ್ಟಿನ ಮೇಲಿನ ಹಾಳೆ ಎಳೆದುಕೊಂಡಳು. ಯಾರ ಸಾವಿಗೆ ಬರೆದದ್ದೋ. ಯಾರಿಗೆ ಬರೆದದ್ದಾದರೂ ಸತ್ತವರಿಗೆ ಆಡುವ ಮಾತೇ ತಾನೆ.

ತೆಗೆದಳು ಅಷ್ಟೆ; ಕೊಡುವುದೋ ಬಿಡುವುದೋ ಅವಳಿಗೇ ಗೊತ್ತಿರಲಿಲ್ಲ. ಕೊಡದಿದ್ದರೆ ಏನಾಗುತ್ತದೆ? ಸಾಹೇಬರು ಎಲ್ಲರ ಮುಂದೆ ಬಾಯಿ ತೆರೆಯಲಾರದೆ ನಿಲ್ಲುತ್ತಾರೆ. ಗೊಲ್ಲಾಳಪ್ಪನಿಗೆ, ಭೀಮಶ್ಯಾನಿಗೆ, ಊರಿಗೆ, ಎಲ್ಲರಿಗೂ ಈ ಮನುಷ್ಯ ಯಾರೆಂದು ತಿಳಿಯುತ್ತದೆ. ಇವತ್ತು ತಿಳಿಯಲಿಲ್ಲ ಅಂದರೆ ಇನ್ನು ಎಂದಿಗೂ ಇಲ್ಲ. ಕೊಟ್ಟರೆ, ಚೀಲ ಹಿಡಿದವನೆಂದೇ ಮಣ್ಣಿಗೆ ಹೋಗುತ್ತಾರೆ.

"ಅವ್ವಾ, ಕಾರು ಬಂತು," ಎಂದು ಮಗಳು ಗುರುದೇವಿ ಕದ ತಟ್ಟಿದಳು. ಲಲಿತಾಬಾಯಿ ಹಾಳೆಯನ್ನು ಸೆರಗಿನೊಳಗೆ ಸೇರಿಸಿದಳು.

ಸಾಹೇಬರಿಗೆ ವಯಸ್ಸಾಗಿತ್ತು. ಕೋಲೂರಿಕೊಂಡು ಮೆಟ್ಟಿಲು ಹತ್ತಿದರು. ಮಾಲೆ ಹಾಕಿದರು. ಹೊಸ ಪಿ.ಎ. ಮೈಕನ್ನು ಪಡಸಾಲೆಯ ಅಂಚಿಗೆ ತಂದು ನಿಲ್ಲಿಸಿ, ಟೈಪಿನ ಹಾಳೆಯನ್ನು ಅವರ ಕೈಗಿತ್ತ.

"ಏ, ಗದ್ದಲ ಮಾಡಬ್ಯಾಡ್ರೋ, ಕುಂದ್ರಿ. ಸಾಹೇಬ್ರು ಮಾತಾಡ್ತಾರ," ಎಂದು ಭೀಮಶ್ಯಾ ಕೂಗಿದ. ಅಂಗಳ, ಓಣಿ, ಎದುರು ಮನೆಯ ಮಾಳಿಗೆ ಎಲ್ಲ ಸು‌ಮ್ಮನಾದವು.

ಸಾಹೇಬರು ಹಾಳೆ ನೋಡಿದರು. ಪುಟ ತಿರುವಿದರು. ಮತ್ತೆ ಮೊದಲಿನ ಪುಟಕ್ಕೆ ಬಂದರು. ಕೆಮ್ಮಿದರು.

"ನನ್ನ... ನಮ್ಮ ಅಮೃತಪ್ಪ..." ಎಂದರು. ಅಷ್ಟೆ. ಇಪ್ಪತ್ತಾರು ವರ್ಷ ಬರೆದುಕೊಟ್ಟದ್ದನ್ನು ಆಡಿದ ಬಾಯಿ, ಮೈಕಿನ ಮುಂದೆ ಒಣಗಿ ನಿಂತಿತು. ಪತ್ರಿಕೆಯವರಲ್ಲೊಬ್ಬ ಪೆನ್ನು ಹಿಡಿದು ತಲೆ ಎತ್ತಿದ.

"ನೋಡು, ಚೀಲ ಹಿಡದವಗ ಆಡಲಿಕ್ಕ ಸಾಹೇಬ್ರಿಗೂ ಮಾತು ಸಿಗವಲ್ದು," ಎಂದು ಗೊಲ್ಲಾಳಪ್ಪ ಯಾರಿಗೋ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು.

ಇನ್ನೊಂದು ಗಳಿಗೆ ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಅವಳು ಏನೂ ಮಾಡಬೇಕಾಗಿರಲಿಲ್ಲ, ಕೊಟ್ಟ ಮಾತೂ ಮುರಿಯುತ್ತಿರಲಿಲ್ಲ. ತಾನಾಗಿಯೇ ಬಯಲಾಗುತ್ತಿತ್ತು.

ಆಗ ಸಾಹೇಬರು ಹಾಳೆ ಬಿಟ್ಟು ಪಕ್ಕಕ್ಕೆ ತಿರುಗಿದರು. ಹೆಣದ ಕಡೆ ನೋಡಿದರು. ಕೊಡು ಎನ್ನುವ ಹಾಗೆ, ಗೊತ್ತಿಲ್ಲದೆಯೇ ಕೈ ಸ್ವಲ್ಪ ಮುಂದೆ ಬಂತು. ಹೆಣ ಕಣ್ಣು ಮುಚ್ಚಿ ಕುಳಿತಿತ್ತು. ಆ ಕೈಯನ್ನು ಅಷ್ಟು ಹೊತ್ತು ಬರಿದು ಬಿಟ್ಟು ಈ ಮನುಷ್ಯ ಜೀವಮಾನದಲ್ಲಿ ಕುಳಿತವನಲ್ಲ.

ಲಲಿತಾಬಾಯಿ ಎದ್ದಳು. ಹೆಂಗಸರು ಹಿಡಿಯುವಷ್ಟರಲ್ಲಿ ಮುಂದೆ ಹೋಗಿ, ಕಾಲು ಮುಟ್ಟುವವಳಂತೆ ಬಾಗಿ, ಸೆರಗಿನಿಂದ ಹಾಳೆ ತೆಗೆದು ಆ ಕೈಗೆ ಇಟ್ಟಳು.

"ಇವರು ಬರದಿಟ್ಟದ್ದರಿ," ಎಂದಳು, ಅವರಿಗೆ ಮಾತ್ರ ಕೇಳಿಸುವಂತೆ.

"ಅರ್ಜಿ!" ಎಂದು ಹಿಂದಿನಿಂದ ಒಬ್ಬ ಹೆಂಗಸಿನ ದನಿ ಬಂತು. "ಹೆಣ ಇನ್ನಾ ಎತ್ತಿಲ್ಲ, ಅರ್ಜಿ ಕೊಟ್ಟಳು ನೋಡ್ರೆವ್ವಾ."

"ಪಿ.ಎ.ನ ಹೆಂಡ್ತಿ ಅಲ್ಲೇನು? ಯಾ ಹೊತ್ತಿನಾಗ ಕೊಟ್ರ ಕೆಲಸ ಆಗ್ತದಂತ ಗೊತ್ತದ."

ಗೊಲ್ಲಾಳಪ್ಪ ಮುಖ ಆಚೆ ತಿರುಗಿಸಿದ. "ಛೀ, ಮರ್ಯಾದಿ ಕಳದಳು," ಎಂದ. ಗುರುದೇವಿಯೂ ತಲೆ ತಗ್ಗಿಸಿದ್ದಳು. ಲಲಿತಾಬಾಯಿ ಯಾರ ಮುಖವನ್ನೂ ನೋಡದೆ ಬಂದು, ಗಂಡನ ಕಾಲ ಬಳಿ, ಫರ್ಸಿಯ ಮೇಲೆ ಕುಳಿತಳು.

ಸಾಹೇಬರು ಹಾಳೆ ಬಿಚ್ಚಿದರು. ಕೈಬರಹ ನೋಡಿದರು. ಟೈಪಿನ ಹಾಳೆಯನ್ನು ಅದರ ಹಿಂದೆ ಸೇರಿಸಿ ಹಿಡಿದರು. ಒಂದು ಸಲ ಓದಿ, ಯಾಕೋ ತಡೆದು, ಬಹಳ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ ಶುರುಮಾಡಿದರು.

"ಇವರು ನಾನು ಉಂಡ ಮೇಲೆ ಉಂಡರು. ನಾನು ಮಲಗಿದ ಮೇಲೆ ಮಲಗಿದರು."

ಲಲಿತಾಬಾಯಿ ತಲೆ ಎತ್ತಿದಳು.

* * *

ಹೋದ ವರ್ಷ ಸಾಹೇಬರ ಹೆಂಡತಿ ಶಿವಕಾಂತಮ್ಮ ತೀರಿಕೊಂಡಾಗ ಅಮೃತಪ್ಪ ಹಾಳೆ ಹಿಡಿದು ಒಲೆಯ ಬಳಿ ಬಂದು ಕುಳಿತಿದ್ದ.

"ಸಾಹೇಬ್ರಿಗೆ ಏನೂ ತೋಚವಲ್ದು. 'ಮೂವತ್ತೈದು ವರ್ಷ ಬಾಳ್ವಿ ಮಾಡೀನಿ, ಏನ್ ಹೇಳಬೇಕು ಗೊತ್ತಾಗವಲ್ದು, ನೀನೇ ಬರಿ' ಅಂದ್ರು. ನಾ ಏನ್ ಬರೀಲಿ? ನೀ ಹೇಳು."

"ಹೆಣ್ಮಕ್ಕಳ ಬಾಳ್ವಿಯಾಗ ಬರಿಯೋದೇನದರಿ?" ಅವಳು ಹಿಟ್ಟು ನಾದುತ್ತಲೇ ಹೇಳಿದ್ದಳು. "ಗಂಡ ಉಂಡ ಮ್ಯಾಲ ಉಣ್ಣೋದು, ಮಕ್ಕೊಂಡ ಮ್ಯಾಲ ಮಕ್ಕೊಳ್ಳೋದು. ಮಂದಿ ಬಂದ್ರ ಬಾಗಲ ಹಿಂದ ನಿಲ್ಲೋದು. ಆತಲ್ಲ, ಮುಗೀತು."

ಆತ ಬರೆಯಲಿಲ್ಲ. ಅವಳನ್ನೇ ನೋಡುತ್ತ ಕುಳಿತ. ಎಷ್ಟು ಹೊತ್ತೆಂದರೆ, ಮುಖಕ್ಕೆ ಹಿಟ್ಟು ಹತ್ತಿದೆಯೇನೋ ಎಂದು ಅವಳು ಮೊಣಕೈಯಿಂದ ಒರೆಸಿಕೊಂಡಳು. ಆಮೇಲೆ ಎದ್ದು ಒಳಗೆ ಹೋಗಿ ಬರೆದ. ಅಷ್ಟು ವರ್ಷದಲ್ಲಿ ಅದೊಂದನ್ನು ಮಾತ್ರ ಅವಳಿಗೆ ಓದಿ ಕೇಳಿಸಲಿಲ್ಲ.

* * *

"ಊರು ನನ್ನನ್ನು ನೋಡಿತು. ಇವರು ಬಾಗಿಲ ಹಿಂದೆ ನಿಂತಿದ್ದರು," ಎಂದು ಸಾಹೇಬರು ಓದುತ್ತಿದ್ದರು. ದನಿ ಮೊದಲಿನಂತೆ ತುಂಬಿ ಬಂದಿತ್ತು. "ಹೊರಗೆ ನನ್ನ ಹೆಸರು ಬೆಳೆಯಿತು. ಒಳಗೆ ಒಲೆ ಉರಿಸಿದವರು ಯಾರೆಂದು ಯಾರೂ ಕೇಳಲಿಲ್ಲ."

ಅಲ್ಲಿ ಅವರು ನಿಂತರು. ಚುಕ್ಕೆ ಇರಬೇಕು. ತನ್ನನ್ನು ಕೇಳದೆ ಆತ ತಾನೇ ಇಟ್ಟ ಚುಕ್ಕೆ, ಇಡಬೇಕಾದಲ್ಲೇ ಇಟ್ಟಿದ್ದ.

"ನಾನೂ ಕೇಳಲಿಲ್ಲ," ಎಂದರು ಸಾಹೇಬರು.

ಅಂಗಳದಲ್ಲಿ ಯಾರೋ ಬಿಕ್ಕಿದರು. ಭೀಮಶ್ಯಾ ರುಮಾಲಿನ ತುದಿಯಿಂದ ಕಣ್ಣೊತ್ತಿಕೊಂಡು, "ಏನ್ ಮಾತು, ಏನ್ ಮಾತು! ಪಿ.ಎ.ಗಂತ ಯಾರು ಹಿಂಗ ಆಡ್ತಾರ," ಎಂದ. ಗೊಲ್ಲಾಳಪ್ಪ ಆಚೆ ತಿರುಗಿಸಿದ್ದ ಮುಖವನ್ನು ಈಚೆಗೆ ತಂದ. "ದೊಡ್ಡ ಮನಷಾರು," ಎಂದ. ಲಲಿತಾಬಾಯಿ ಗಂಡನ ತಣ್ಣನೆಯ ಪಾದದ ಮೇಲೆ ಕೈ ಇಟ್ಟುಕೊಂಡಳು. ಇದು ಯಾರ ಮಾತು, ಯಾರಿಗೆ ಆಡಿದ್ದು ಎಂದು ಹೇಳಿಕೊಳ್ಳಲು ಆ ಪಡಸಾಲೆಯಲ್ಲಿ ಅವಳಿಗೆ ಈ ಪಾದ ಬಿಟ್ಟು ಯಾರೂ ಇರಲಿಲ್ಲ.

ಮೈಕಿನ ಪಕ್ಕ ನಿಂತಿದ್ದ ಹೊಸ ಪಿ.ಎ. ತನ್ನ ಪ್ರತಿಯ ಮೇಲೆ ಬೆರಳಿಟ್ಟು ಸಾಲು ಹುಡುಕುತ್ತಿದ್ದ. ಸಿಗಲಿಲ್ಲ. ಪುಟ ತಿರುವಿದ. ಅಲ್ಲೂ ಇರಲಿಲ್ಲ. ಗಾಬರಿಯಾಗಿ ಸಾಹೇಬರ ಕೈಯಲ್ಲಿದ್ದ ಹಾಳೆಗೆ ಇಣುಕಿದ. ಅವರ ಹೆಬ್ಬೆರಳು ಸಾಲಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು, ಬಲದಿಂದ ಎಡಕ್ಕೆ. ಅಲ್ಲಿ ಮುಗಿದು, ಮತ್ತೆ ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ.

ಯುವಕ ಬಹಳ ಹೊತ್ತು ಆ ಹೆಬ್ಬೆರಳನ್ನೇ ನೋಡಿದ. ಆಮೇಲೆ ಗೂಟಕ್ಕೆ ಕಟ್ಟಿದ ಹೆಣವನ್ನು ನೋಡಿದ, ಅದರ ಕಾಲ ಬಳಿ ಕುಳಿತ ಹೆಂಗಸನ್ನು ನೋಡಿದ. ಲಲಿತಾಬಾಯಿ ಕಣ್ಣು ತಗ್ಗಿಸಲಿಲ್ಲ.

ಪತ್ರಿಕೆಯವನು ಫೋಟೋ ತೆಗೆಯಲು ಕ್ಯಾಮೆರಾ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಹೊಸ ಪಿ.ಎ. ಟೈಪಿನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಳಿಸಿ, ಒಂದು ಹೆಜ್ಜೆ ಸರಿದು, ಕ್ಯಾಮೆರಾಕ್ಕೂ ಸಾಹೇಬರ ಕೈಯಲ್ಲಿದ್ದ ಹಾಳೆಗೂ ನಡುವೆ ತನ್ನ ಭುಜ ತಂದು ನಿಂತ.